ಎದೆ ಬಡಿಯುವ ಸಮಾಧಿ

ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಪೋಸ್ಟರ್ ಬಂತು. ಅಕ್ಟೋಬರ್ 31ರ ಸಂಜೆ ಕ್ಲಬ್‌ಹೌಸಿನಲ್ಲಿ ಹ್ಯಾಲೋವೀನ್ ಪಾರ್ಟಿ, ಮಕ್ಕಳು ದೆವ್ವದ ವೇಷದಲ್ಲಿ ಬರಬೇಕು, ತಲೆಗೆ 300 ರೂಪಾಯಿ. ಅದರ ಕೆಳಗೇ ಜಗಳವೂ ಶುರುವಾಯಿತು. ದೀಪಾವಳಿಗೆ ಮಕ್ಕಳು ಮಣ್ಣಿನ ಕಿಲ್ಲಾ ಕಟ್ಟುವ ಪುಣೆಯಲ್ಲಿ ಇದೆಲ್ಲ ಯಾಕೆ ಎಂದು ಬಿ ವಿಂಗಿನ ಕಾಕಾ. ಮಕ್ಕಳು ಖುಷಿಪಟ್ಟರೆ ನಿಮಗೇನು ಕಷ್ಟ ಎಂದು ಡಿ ವಿಂಗಿನ ತಾಯಂದಿರು. ನಾನು ಯಾವ ಪಕ್ಷಕ್ಕೂ ಸೇರದೆ ಫೋನ್ ಕೆಳಗಿಟ್ಟೆ. ಪಕ್ಕದಲ್ಲಿ ಇಣುಕಿ ನೋಡುತ್ತಿದ್ದ ಮಗಳು ಕೇಳಿದಳು: "ಅಪ್ಪ, ಇಲ್ಲೂ ಎದೆ ಬಡಿಯೋ ಸಮಾಧಿ ಇಡ್ತಾರಾ?"

ಅದೇನೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2024ರಲ್ಲಿ ನಮಗೆ ಹಬ್ಬಗಳಿರಲಿಲ್ಲ. ಫೆಬ್ರವರಿಯಲ್ಲಿ ಸಾಗರದ ಮನೆಯಲ್ಲಿ ಅಪ್ಪ ಹೋದರು. ಬೆಳಗಿನ ಜಾವ, ಹಾಸಿಗೆಯಲ್ಲೇ. ಕೆಲವು ತಿಂಗಳಾದ ಮೇಲೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿರುವ ತಂಗಿ ಅಮ್ಮನನ್ನು ಕರೆಸಿಕೊಂಡಳು. ವರ್ಷಾಂತಿಕ ಆಗುವ ಮೊದಲು ಸಮುದ್ರ ದಾಟುವುದೇ ಎಂದು ನೆಂಟರಲ್ಲಿ ಒಂದಿಬ್ಬರು ಗೊಣಗಿದರು. "ಗೋಡೆ ನೋಡ್ತಾ ಕೂರೋದಕ್ಕಿಂತ ಮೊಮ್ಮಗನ ಮುಖ ನೋಡ್ತೀನಿ" ಎಂದು ಅಮ್ಮ ಹೊರಟೇಬಿಟ್ಟಳು. ಆಕೆಯನ್ನು ವಾಪಸು ಕರೆತರುವ ನೆಪದಲ್ಲಿ ದೀಪಾವಳಿ ರಜೆಗೆ ನಾವು ಮೂವರೂ ಅಲ್ಲಿಗೆ ಹೋದೆವು.

ಮಗಳಿಗೆ ಆಗ 8 ವರ್ಷ. ಅಜ್ಜ ಹೋದಾಗಿನಿಂದ ಅವಳಿಗೆ ದೀಪ ಆರಿಸಿದರೆ ನಿದ್ದೆ ಇಲ್ಲ. ದೀಪ ಉರಿಯುತ್ತಿದ್ದರೂ ರಾತ್ರಿ ಎರಡು ಮೂರು ಸಲ ಎದ್ದು ನನ್ನನ್ನೋ ಹೆಂಡತಿಯನ್ನೋ ಅಲುಗಾಡಿಸುತ್ತಿದ್ದಳು. ಏನು ಬೇಕು ಎಂದರೆ "ಏನಿಲ್ಲ, ಸುಮ್ನೆ" ಎನ್ನುವಳು. ಬೆಳಿಗ್ಗೆ 9ಕ್ಕೆ ಸ್ಟ್ಯಾಂಡಪ್ ಕಾಲ್ ಇರುವವನಿಗೆ ಈ 'ಸುಮ್ನೆ' ಎಷ್ಟು ದುಬಾರಿ ಎಂದು ನಿಮಗೆ ಗೊತ್ತು. ನಾನು ಎಷ್ಟೋ ಸಲ ಗದರಿದ್ದೇನೆ. ಮೊಬೈಲಿನಲ್ಲಿ ಏನೋ ದೆವ್ವದ ರೀಲ್ಸ್ ನೋಡಿರಬೇಕು ಎಂಬುದು ಮನೆಯಲ್ಲಿ ನಾವು ಕಂಡುಕೊಂಡಿದ್ದ ಕಾರಣ.

ಹಾಗಾಗಿ ತಂಗಿ "ಅಣ್ಣ, ಭಾನುವಾರ ಎಲ್ಲರೂ ನಾಟ್ಸ್ ಬೆರ್ರಿ ಫಾರ್ಮ್‌ಗೆ, ಟಿಕೆಟ್ ತಗೊಂಡಾಗಿದೆ, ಹ್ಯಾಲೋವೀನ್ ಸೀಸನ್" ಎಂದಾಗ ನಾನು ಬೇಡವೆಂದೆ. ಮೊದಲೇ ಹೆದರುವ ಮಗುವನ್ನು ಅಸ್ಥಿಪಂಜರಗಳ ನಡುವೆ ಕರೆದೊಯ್ಯುವುದೇ? "ಹಗಲು ಹೊತ್ತು ಮಕ್ಕಳದ್ದೇ ಹಬ್ಬ, ರಾತ್ರಿದು ಬೇರೆ" ಎಂದು ಅವಳು ಸಮಾಧಾನ ಹೇಳಿದಳು. ಅಮ್ಮ ಆಗಲೇ ಚಪ್ಪಲಿ ಬದಲು ಶೂ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು.

ಈ ಪಾರ್ಕಿನ ಕಥೆ ನನಗೆ ಪಾರ್ಕಿಗಿಂತ ಹೆಚ್ಚು ಹಿಡಿಸಿತು. 1920ರಲ್ಲಿ ವಾಲ್ಟರ್ ನಾಟ್ ಎಂಬ ರೈತ ಬ್ಯೂನಾ ಪಾರ್ಕ್ ಎಂಬಲ್ಲಿಗೆ ಬಂದು ಗುತ್ತಿಗೆ ಜಮೀನಿನಲ್ಲಿ ಹಣ್ಣು ಬೆಳೆಯತೊಡಗಿದ. ರುಡಾಲ್ಫ್ ಬಾಯ್ಸನ್ ಎಂಬಾತ ಕಸಿ ಮಾಡಿ ಕೈಬಿಟ್ಟಿದ್ದ, ಒಣಗಿ ಸಾಯುತ್ತಿದ್ದ ಬಳ್ಳಿಗಳನ್ನು ತಂದು ಬದುಕಿಸಿದ. ಅದೇ ಈಗಿನ ಬಾಯ್ಸನ್‌ಬೆರ್ರಿ. 1934ರ ಆರ್ಥಿಕ ಮುಗ್ಗಟ್ಟಿನಲ್ಲಿ ಅವನ ಹೆಂಡತಿ ಕಾರ್ಡೀಲಿಯಾ ತನ್ನ ಮದುವೆಯ ಪಿಂಗಾಣಿ ತಟ್ಟೆಗಳಲ್ಲಿ ಎಂಟು ಮಂದಿಗೆ 65 ಸೆಂಟಿಗೊಂದರಂತೆ ಕೋಳಿ ಊಟ ಬಡಿಸಿದಳು. ಊಟಕ್ಕೆ ಜನ ಎಷ್ಟು ಮುಗಿಬಿದ್ದರೆಂದರೆ ಕಾಯುವವರ ಹೊತ್ತು ಕಳೆಯಲು ವಾಲ್ಟರ್ 1940ರಿಂದ ಒಂದು ಹಳೆಯ ಗಣಿ ಊರನ್ನು ಕಟ್ಟತೊಡಗಿದ. ಹೆಸರು ಘೋಸ್ಟ್ ಟೌನ್. ದೆವ್ವದ ಊರಲ್ಲ, ಜನ ಬಿಟ್ಟುಹೋದ ಊರು, ನಮ್ಮ ಭಾಷೆಯಲ್ಲಿ ಹಾಳೂರು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ಈತ ಮುಂದೆ ಕ್ಯಾಲಿಕೋ ಎಂಬ ನಿಜವಾದ ಹಾಳೂರನ್ನೇ 1951ರಲ್ಲಿ ಕೊಂಡುಕೊಂಡ. ದೆವ್ವಗಳು ಸೇರಿಕೊಂಡದ್ದು ಆಮೇಲೆ. 1973ರಲ್ಲಿ ಮೂರು ರಾತ್ರಿ ಎಂದು ಆರಂಭಿಸಿದ ಹ್ಯಾಲೋವೀನ್ ಈಗ ಸೆಪ್ಟೆಂಬರ್‌ನಿಂದಲೇ ಶುರುವಾಗುತ್ತದೆ. ರಾತ್ರಿಯ ಆಟ 13 ವರ್ಷದೊಳಗಿನವರಿಗೆ ತಕ್ಕುದಲ್ಲ ಎಂದು ಅವರೇ ಹೇಳುತ್ತಾರೆ.

ಒಳಗೆ ಹೋದರೆ ಎಲ್ಲೆಲ್ಲೂ ಕುಂಬಳಕಾಯಿ. ಕಣ್ಣು, ಮೂಗು, ಹಲ್ಲು ಕೊರೆದಿಟ್ಟ ಕಾಯಿಗಳನ್ನು ನೋಡಿ ಅಮ್ಮನಿಗೆ ಯಾವ ಆಶ್ಚರ್ಯವೂ ಆಗಲಿಲ್ಲ. "ದೃಷ್ಟಿ ಕುಂಬಳಕಾಯಿ. ನಾವು ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ಕಟ್ಟಲ್ವಾ, ಇವರದ್ದು ಸಿಹಿಗುಂಬಳ." ಐರ್ಲೆಂಡಿನವರು ಊರಲ್ಲಿದ್ದಾಗ ಟರ್ನಿಪ್ ಗೆಡ್ಡೆ ಕೊರೆದು ಅದರೊಳಗೆ ದೀಪ ಇಡುತ್ತಿದ್ದರು. ವಲಸೆ ಬಂದ ಅಮೆರಿಕದಲ್ಲಿ ಕುಂಬಳಕಾಯಿ ದೊಡ್ಡದಾಗಿ, ಕೊರೆಯಲು ಸುಲಭವಾಗಿ ಸಿಕ್ಕಿತು, ಗೆಡ್ಡೆ ಬಿಟ್ಟರು. ಪರವೂರಿನ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದರಲ್ಲೇ ಹಬ್ಬ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಯ್ಸನ್‌ಬೆರ್ರಿ ಜ್ಯೂಸ್ ಕುಡಿದ ಅಮ್ಮ "ಬಣ್ಣ ಮುರುಗಲ ಶರಬತ್ತಿಂದು, ರುಚಿ ಅಷ್ಟಿಲ್ಲ" ಎಂದು ತೀರ್ಪು ಕೊಟ್ಟು ಪೂರ್ತಿ ಮುಗಿಸಿದಳು.

ಘೋಸ್ಟ್‌ರೈಡರ್ ಎಂಬ ಮರದ ರೋಲರ್ ಕೋಸ್ಟರ್ 118 ಅಡಿ ಎತ್ತರದ್ದು. ಕ್ಯೂ ಉದ್ದವಿತ್ತು. ಹೊತ್ತು ಹೋಗಲೆಂದು ಮಗಳಿಗೂ ತಂಗಿಯ ಮಗನಿಗೂ 'ನಾಳೆ ಬಾ' ಕಥೆ ಹೇಳಿದೆ. ನಾನು ಚಿಕ್ಕವನಿದ್ದಾಗ, ರಾತ್ರಿ ಬಾಗಿಲು ತಟ್ಟುವ ದೆವ್ವ ಬಂದಿದೆ ಎಂದು ಕರ್ನಾಟಕದ ಊರೂರುಗಳಲ್ಲಿ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿದ್ದರು. ದೆವ್ವ ಓದಿಕೊಂಡು ವಾಪಸು ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ತಂಗಿಯ ಮಗನಿಗೆ ಇದು ವಿಪರೀತ ಇಷ್ಟವಾಯಿತು. "ಸೋ ದ ಘೋಸ್ಟ್ ಕ್ಯಾನ್ ರೀಡ್ ಕನ್ನಡ!" ಅವನಿಗಿನ್ನೂ ಬರುವುದಿಲ್ಲ.

ಆಮೇಲೆ ನಡೆದದ್ದನ್ನು ಹೇಳಲು ಸ್ವಲ್ಪ ನಾಚಿಕೆ. ಇಳಿಜಾರಿನಲ್ಲಿ ನಾನು ಕಣ್ಣು ಮುಚ್ಚಿ ರಾಮ ರಾಮ ಎನ್ನುತ್ತಿದ್ದರೆ ಪಕ್ಕದಲ್ಲಿ ಮಗಳು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು, ಖುಷಿಗೆ. ಇಳಿದ ಮೇಲೆ ಇನ್ನೊಂದು ಸಲ ಎಂದಳು. ಹೊಟ್ಟೆ ಸರಿಮಾಡಿಕೊಳ್ಳುತ್ತಾ ಬೆಂಚಿನ ಮೇಲೆ ಕುಳಿತಿದ್ದಾಗ ನನಗೆ ಮೊದಲ ಸಲ ಅನುಮಾನ ಬಂತು. ಈ ಹುಡುಗಿ ಪುಕ್ಕಲಿಯಲ್ಲ. ಹಾಗಾದರೆ ರಾತ್ರಿ ಹೆದರುವುದು ಯಾವುದಕ್ಕೆ?

ಘೋಸ್ಟ್ ಟೌನಿನ ಒಂದು ಕಡೆ ಬೂಟ್ ಹಿಲ್ ಎಂಬ ಪುಟ್ಟ ಸ್ಮಶಾನವಿದೆ. ಗುಂಡೇಟು ತಿಂದು, ಬೂಟು ಕಾಲಲ್ಲೇ ಸತ್ತವರನ್ನು ಹೂಳುವ ಜಾಗಕ್ಕೆ ಹಳೆಯ ಪಶ್ಚಿಮ ಅಮೆರಿಕದಲ್ಲಿ ಆ ಹೆಸರಿತ್ತು. ಇಲ್ಲಿನವು ಸುಳ್ಳು ಸಮಾಧಿಗಳು, ಮೇಲೆ ತಮಾಷೆಯ ಬರಹ. ಅವುಗಳಲ್ಲಿ ಒಂದರ ಮೇಲೆ ನಿಂತರೆ ಅಂಗಾಲಿಗೆ ಧಡ್ ಧಡ್ ಎಂದು ಎದೆಬಡಿತ ತಾಗುತ್ತದೆ. ತಂಗಿಯ ಮಗ ಓಡಿಹೋಗಿ ಹತ್ತಿ ನಿಂತು ಕಿರುಚಿ ನಕ್ಕ. ಕೆಳಗೆ ಮಷೀನ್ ಇಟ್ಟಿದ್ದಾರೆ ಎಂದು ತಂಗಿಯ ಗಂಡ ವಿವರಿಸಿದರು. ನಾನೂ ನಿಂತೆ, ಮಜವಾಗಿತ್ತು.

ಮಗಳು ನಿಂತಳು. ನಗಲಿಲ್ಲ. ಹಿಂದೆ ಬೇರೆ ಮಕ್ಕಳು ಕಾಯುತ್ತಿದ್ದರೂ ಇಳಿಯಲಿಲ್ಲ. ಇಳಿದವಳು ನನ್ನನ್ನು ದಾಟಿ ನೇರ ಅಮ್ಮನ ಹತ್ತಿರ ಹೋದಳು.

"ಅಜ್ಜಿ, ಅಜ್ಜಂಗೆ ಹೀಗೆ ಬಡೀತಿತ್ತಾ ಅಂತ ಯಾರಾದ್ರೂ ಮುಟ್ಟಿ ನೋಡಿದ್ರಾ?"

ನಾನು "ಡಾಕ್ಟರ್ ಎಲ್ಲಾ ನೋಡಿದ್ರು ಪುಟ್ಟೀ, ಬಾ ಐಸ್‌ಕ್ರೀಂ" ಎಂದು ಏನೋ ಶುರುಮಾಡಿದೆ. ಅಮ್ಮ ಕೈಸನ್ನೆಯಲ್ಲೇ ನನ್ನ ಬಾಯಿ ಮುಚ್ಚಿಸಿದಳು.

"ನಾನೇ ನೋಡಿದೆ. ಮೂಗಿನ ಹತ್ರ ಕೈ ಹಿಡಿದೆ. ಎದೆ ಮೇಲೆ ಕಿವಿ ಇಟ್ಟೆ. ಏನೂ ಇರಲಿಲ್ಲ."

"ಮಲಗಿದ್ರೆ?"

"ಮಲಗಿದೋರ ಕೈ ಬೆಚ್ಚಗಿರತ್ತೆ. ಅಜ್ಜಂದು ತಣ್ಣಗಾಗಿತ್ತು. ನಿದ್ದೆ ಬೇರೆ, ಸಾಯೋದು ಬೇರೆ ಮಗಾ. ಅಜ್ಜ ಸತ್ತುಹೋಗಿದ್ರು."

"ಅಪ್ಪ ಮಲಗಿದಾರೆ ಅಂದ. ಎಬ್ಬಿಸಬಾರದು ಅಂದ."

ಅಂದಿದ್ದೆ. ಆ ದಿನ ಪುಣೆಯಿಂದ ಸಾಗರಕ್ಕೆ ಹನ್ನೊಂದು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆ. ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಬಾಗಿಲಲ್ಲೇ ಮಗಳು "ಅಜ್ಜ ಯಾಕೆ ಇಲ್ಲಿ?" ಎಂದಳು. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು. "ಮಲಗಿದಾರೆ, ಎಬ್ಬಿಸಬಾರದು." ಕೂಡಲೇ ಅವಳನ್ನು ಪಕ್ಕದ ಮನೆಗೆ ಕಳುಹಿಸಿದೆವು. ಅವಳು ವಾಪಸು ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಬೆಂಕಿ ಕೊಡುವ ವಿಷಯ ಆಮೇಲೆ ದೊಡ್ಡವರ ಮಾತಿನಲ್ಲಿ ಅವಳ ಕಿವಿಗೆ ಬಿದ್ದಿರಬೇಕು. ರಾತ್ರಿ ಪ್ರೊಡಕ್ಷನ್‌ಗೆ ಹಾಕಿದ ಟೆಂಪರರಿ ಫಿಕ್ಸ್ ಒಂದನ್ನು ಮರೆತು ವರ್ಷಗಟ್ಟಲೆ ಅದರ ಮೇಲೇ ಸಿಸ್ಟಮ್ ಓಡಿಸುವುದನ್ನು ನಾವು ನೋಡಿಲ್ಲವೇ, ಹಾಗೆ ನಾನು ಆ ಸುಳ್ಳನ್ನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. ಎಂಟು ತಿಂಗಳು ರಾತ್ರಿಯೆಲ್ಲ ನಮ್ಮನ್ನು ಅಲುಗಾಡಿಸಿ ಅವಳು ನೋಡುತ್ತಿದ್ದದ್ದು ಅದನ್ನೇ, ನಾವು ಏಳುತ್ತೇವೋ ಇಲ್ಲವೋ ಎಂದು. ನಾನು ಗದರುತ್ತಿದ್ದೆ.

ಅಪ್ಪನ ವಿಷಯಕ್ಕೆ ನಾವು ಯಾರೂ 'ಸತ್ತರು' ಎಂಬ ಪದ ಬಳಸಿಯೇ ಇರಲಿಲ್ಲ. ಹೋದರು, ಇಲ್ಲವಾದರು, ದೇವರ ಹತ್ತಿರ ಇದ್ದಾರೆ, ಹೀಗೆಲ್ಲ ಸುತ್ತಿ ಬಳಸಿ. ಈ ಅಂಕಣದಲ್ಲೂ ಮೇಲೆ ಹಾಗೇ ಬರೆದಿದ್ದೇನೆ ನೋಡಿ. ಅಮ್ಮನ ಬಾಯಲ್ಲಿ ಆ ಪದ ಕೇಳಿ ನಾನು ಬೆಚ್ಚಿದೆ, ಮಗಳು ಬೆಚ್ಚಲಿಲ್ಲ. ಬೆಂಕಿ ಹಾಕಿದಾಗ ನೋವಾಗಲಿಲ್ಲವೇ ಎಂದು ಕೇಳಿದಳು. ಇಲ್ಲ, ಸತ್ತ ಮೇಲೆ ಬಿಸಿ ತಣ್ಣಗೆ ಏನೂ ಗೊತ್ತಾಗುವುದಿಲ್ಲ ಎಂದಳು ಅಮ್ಮ. ಸುತ್ತ ಬಾವಲಿ ರೆಕ್ಕೆ ಕಟ್ಟಿಕೊಂಡ ಮಕ್ಕಳು ಪಾಪ್‌ಕಾರ್ನ್ ತಿನ್ನುತ್ತಾ ಓಡಾಡುತ್ತಿದ್ದರು.

"ಅಜ್ಜ ಘೋಸ್ಟ್ ಆಗಿದಾರಾ?"

"ಆಗಿದ್ದಿದ್ರೆ ಇಷ್ಟೊತ್ತಿಗೆ ಬಂದು ಕನ್ನಡಕ ಎಲ್ಲಿಟ್ಟೆ ಅಂತ ಕೇಳ್ತಿದ್ರು. ನಲವತ್ತು ವರ್ಷ ಅದನ್ನೇ ಕೇಳಿದ್ದಾರೆ."

ಮಗಳು ನಕ್ಕಳು. ಅಜ್ಜನ ವಿಷಯಕ್ಕೆ ಅವಳು ನಕ್ಕದ್ದನ್ನು ಅಂದೇ ಮತ್ತೆ ನೋಡಿದ್ದು. ನನ್ನ ಹೆಂಡತಿ ಅತ್ತ ತಿರುಗಿ ಮ್ಯಾಪ್ ನೋಡತೊಡಗಿದಳು, ತಲೆಕೆಳಗಾಗಿ ಹಿಡಿದುಕೊಂಡು.

ಸಂಜೆ ಹಗಲಿನವರನ್ನೆಲ್ಲ ಹೊರಗೆ ಕಳಿಸುತ್ತಾರೆ, ಕತ್ತಲಾದ ಮೇಲೆ ಬೇರೆ ಟಿಕೆಟ್ಟಿನ ಜನ. ಬಣ್ಣ ಬಳಿದುಕೊಂಡ ಕಲಾವಿದರು ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ಕಾಂಕ್ರೀಟಿನ ಮೇಲೆ ಕಿಡಿ ಹಾರಿಸುತ್ತಾ ಜಾರಿ ಬಂದು ಹೆದರಿಸುತ್ತಾರಂತೆ. ನಾವು ಹೊರಬರುವಾಗ ಗೇಟಿನಾಚೆ ಕಾಲೇಜು ಹುಡುಗರ ದೊಡ್ಡ ಸಾಲು. ಹೆದರಲು ಇಷ್ಟು ದುಡ್ಡು ಕೊಟ್ಟು ನಿಂತಿದ್ದಾರಲ್ಲ ಎಂದು ಅಮ್ಮನಿಗೆ ಅವರ ಮೇಲೆ ಮರುಕ.

ಆ ರಾತ್ರಿ ದೀಪ ಉರಿಯುತ್ತಲೇ ಇತ್ತು. ಅದನ್ನು ಆರಿಸಲು ಜನವರಿ ಬರಬೇಕಾಯಿತು. ಆದರೆ ನಡುರಾತ್ರಿ ಎಚ್ಚರವಾದಾಗ ಮಗಳು ಎದ್ದು ಕುಳಿತಿದ್ದಳು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಅವಳು ಅಲುಗಾಡಿಸಲಿಲ್ಲ. ನನ್ನ ಅಂಗೈ ಮುಟ್ಟಿ ನೋಡಿ, ಆ ಕಡೆ ತಿರುಗಿ ಅಮ್ಮನದೂ ಮುಟ್ಟಿ ನೋಡಿ ಮಲಗಿದಳು.

ಆ ವರ್ಷ ಹ್ಯಾಲೋವೀನೂ ನರಕ ಚತುರ್ದಶಿಯೂ ಒಂದೇ ದಿನ. ಹಬ್ಬವಿಲ್ಲ ಎನ್ನುತ್ತಲೇ ಅಮ್ಮ ಬೆಳಿಗ್ಗೆ ಮಕ್ಕಳಿಬ್ಬರ ತಲೆಗೆ ಎಣ್ಣೆ ಒತ್ತಿ ನೀರು ಹಾಕಿದಳು. ಸಂಜೆ ವೇಷದ ಮಕ್ಕಳು ಬಾಗಿಲು ತಟ್ಟತೊಡಗಿದರು. ಒಂದೊಂದು ಅಸ್ಥಿಪಂಜರಕ್ಕೂ ಅಮ್ಮ ಎರಡೆರಡು ಚಾಕೊಲೇಟ್ ಕೊಡುತ್ತಿದ್ದಳು, ಹಾಗಾಗಿ ಎಂಟು ಗಂಟೆಗೇ ಬುಟ್ಟಿ ಖಾಲಿ. ಮಗಳು ಒಳಗೆ ಓಡಿ ಕಾಗದ, ಸ್ಕೆಚ್ ಪೆನ್ನು ತಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿದಳು: ನಾಲೆ ಬಾ.

ಅಮ್ಮ ಕನ್ನಡಕ ಹಾಕಿಕೊಂಡು ಓದಿ, ಪೆನ್ನು ಈಸಿಕೊಂಡು ಲ-ವನ್ನು ಳ ಮಾಡಿದಳು.