ಗುಜರಿಗೆ ಹಾಕೋ ಮುಂಚೆ ಸ್ವಿಚ್ ನೋಡಿ ಸ್ವಾಮಿ

ಇವತ್ತು ಸ್ವಲ್ಪ ಸಿಟ್ಟಲ್ಲೇ ಬರೀತಿದ್ದೇನೆ, ಮೊದಲೇ ಕ್ಷಮೆ ಕೇಳಿಬಿಡ್ತೀನಿ.

ಈಚೆಗೆ ಊರಿಗೆ ಹೋದಾಗ ನನ್ನ ಹಳೇ ಕ್ಲಾಸ್‌ಮೇಟ್ ಒಬ್ಬ ಸಿಕ್ಕಿದ. ಅಲ್ಲೇ ಡಿಗ್ರಿ ಕಾಲೇಜಲ್ಲಿ ಕಂಪ್ಯೂಟರ್ ಪಾಠ ಮಾಡ್ತಾನೆ. "ಲೋ, ನಮ್ಮ ಲ್ಯಾಬಿನ ಡಬ್ಬಗಳನ್ನ ಗುಜರಿಗೆ ಹಾಕೋದೇ ಸರಿ ಕಣೋ. ಆನ್ ಆಗೋದ್ರೊಳಗೆ ಕಾಲು ಗಂಟೆ ಪಾಠ ಮುಗಿದಿರತ್ತೆ" ಅಂದ. ಹೊಸ ಪಿಸಿಗಳಿಗೆ ಕೊಟೇಶನ್ ಕೂಡ ಬಂದಾಗಿತ್ತು. ಅದಕ್ಕೂ ಮುಂಚೆ ಸರ್ವರ್‌ಗೆ ಮೆಮೊರಿ ಎರಡು ಪಟ್ಟು ಹಾಕಿಸಿದ್ದರಂತೆ. ಏನೂ ಬದಲಾಗಿರಲಿಲ್ಲ.

ಅಲ್ಲಿರೋದು 22 ತಿನ್ ಕ್ಲೈಂಟ್‌ಗಳು, ಅಂದರೆ ಸ್ವಂತ ಹಾರ್ಡ್ ಡಿಸ್ಕ್ ಇಲ್ಲದ ಯಂತ್ರಗಳು. ಆನ್ ಮಾಡಿದ ತಕ್ಷಣ ನೆಟ್‌ವರ್ಕ್ ಮೇಲೆ ಕೂಗಿ ಡಿಎಚ್‌ಸಿಪಿಯಿಂದ ವಿಳಾಸ ಪಡೆದು, ಟಿಎಫ್‌ಟಿಪಿ ಮೂಲಕ ಕರ್ನೆಲ್ ಇಳಿಸಿಕೊಂಡು, ಆಮೇಲೆ ಲಿನಕ್ಸನ್ನು ಸರ್ವರ್‌ನಿಂದಲೇ ಓದಿಕೊಳ್ಳುತ್ತವೆ. 1999ರಲ್ಲಿ ಶುರುವಾದ ಎಲ್‌ಟಿಎಸ್‌ಪಿ ಯೋಜನೆಯ ಸಾಫ್ಟ್‌ವೇರ್ ಇದು, ಬಡ ಲ್ಯಾಬುಗಳ ಪಾಲಿನ ಕಾಮಧೇನು.

ಲ್ಯಾಬ್ ಅಟೆಂಡರ್ ಪಾಪ ಬೆವರುತ್ತಾ ನಿಂತಿದ್ದರು. "ಸಾರ್, ನಾನು ಎಂಟೂವರೆಗೇ ಬಂದು ಒಂದೊಂದಾಗಿ ಆನ್ ಮಾಡ್ತೀನಿ. ಮಧ್ಯದಲ್ಲಿ ಕರೆಂಟ್ ಹೋದ್ರೆ ನಾನೇನ್ ಮಾಡ್ಲಿ?" ಹೋದ ಸಲದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಆಗಿದ್ದೂ ಅದೇ. ಯುಪಿಎಸ್ ಕೈಕೊಟ್ಟಿತು, 22 ಯಂತ್ರಗಳೂ ಒಟ್ಟಿಗೆ ಸತ್ತು ಒಟ್ಟಿಗೆ ಎದ್ದವು. ಮಕ್ಕಳು ಗಡಿಯಾರ ನೋಡ್ತಾ ಅಳೋ ಹಾಗಾದರು. ಬೈಗುಳ ಮಾತ್ರ ಅಟೆಂಡರ್‌ಗೆ.

ನಾನು ಮಾಡಿದ ದೊಡ್ಡ ಸಂಶೋಧನೆ ಅಂದ್ರೆ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದ್ದು, ಅಷ್ಟೇ :) ಒಂದೇ ಯಂತ್ರ ಆನ್ ಮಾಡಿದರೆ ಎರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಏಳು ನಿಮಿಷ. ಅಂದರೆ ಇಲ್ಲಿರೋ ಕಾಯಿಲೆ ಒಂದಲ್ಲ, ಎರಡು.

ಮೊದಲನೆಯದು ಒಂಟಿ ಯಂತ್ರದ್ದು. ಪರದೆ ಮೇಲೆ ಡಿಎಚ್‌ಸಿಪಿ ಅಂತ ಬರೆದು ಚುಕ್ಕೆ ಇಡ್ತಾ ಕೂತಿರುತ್ತಿತ್ತು. ಕರ್ನೆಲ್ ಬಂದಮೇಲೆ ಮತ್ತೊಮ್ಮೆ ಅದೇ ಧ್ಯಾನ. ಎರಡೂ ಸಲ ಹತ್ತಿರ ಹತ್ತಿರ 30 ಸೆಕೆಂಡು. ಈ 30 ನೋಡಿದ ಕೂಡಲೇ ನೆಟ್‌ವರ್ಕ್ ಕೆಲಸ ಮಾಡಿದವರಿಗೆ ನಗು ಬರುತ್ತೆ. ಅದು ಸ್ಪ್ಯಾನಿಂಗ್ ಟ್ರೀ! ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಈ ವ್ಯವಸ್ಥೆ ಇರೋದು ಕೇಬಲ್‌ಗಳು ಸುತ್ತಿಕೊಂಡು ನೆಟ್‌ವರ್ಕ್ ಮುಳುಗದ ಹಾಗೆ ಕಾಯೋದಕ್ಕೆ. ಹಳೇ ಪದ್ಧತಿಯಲ್ಲಿ ಯಾವುದೇ ಪೋರ್ಟಿಗೆ ಜೀವ ಬಂದರೂ ಸ್ವಿಚ್ 15 ಸೆಕೆಂಡು ಆಲಿಸುತ್ತೆ, 15 ಸೆಕೆಂಡು ಕಲಿಯುತ್ತೆ, ಆಮೇಲೇ ಬಾಗಿಲು ತೆಗೆಯೋದು. ಯಂತ್ರ ಆನ್ ಆದಾಗ ಒಮ್ಮೆ, ಕರ್ನೆಲ್ ನೆಟ್‌ವರ್ಕ್ ಕಾರ್ಡನ್ನು ಮತ್ತೆ ಎಬ್ಬಿಸಿದಾಗ ಇನ್ನೊಮ್ಮೆ. ಖಚಿತ ಮಾಡಿಕೊಳ್ಳೋಕೆ ಮನೆಗಳಲ್ಲಿ ಇರೋ ಅಂಥ ಅಗ್ಗದ ಐದು ಪೋರ್ಟಿನ ಸ್ವಿಚ್ಚೊಂದನ್ನು ಮಧ್ಯೆ ಸಿಕ್ಕಿಸಿದೆ. ಈಗ ದೊಡ್ಡ ಸ್ವಿಚ್ಚಿನ ಕಡೆ ಲಿಂಕ್ ಬೀಳೋದೇ ಇಲ್ಲ ನೋಡಿ, ಕಾಯೋದೂ ಮಾಯ.

ಆ ದೊಡ್ಡ ಸ್ವಿಚ್ ಬೆಂಗಳೂರಿನ ಯಾವುದೋ ಕಂಪನಿ ದಾನ ಕೊಟ್ಟಿದ್ದಂತೆ. ಕೊಟ್ಟವರು ಕೊಟ್ಟರು, ಸೆಟ್ಟಿಂಗ್ ನೋಡುವವರು ಯಾರು? ಕ್ಲೈಂಟ್‌ಗಳಿರೋ ಪೋರ್ಟುಗಳಿಗೆ ಮಾತ್ರ ಪೋರ್ಟ್‌ಫಾಸ್ಟ್ ಹಾಕಿದೆ. (ಸ್ಪ್ಯಾನಿಂಗ್ ಟ್ರೀಯನ್ನೇ ಪೂರ್ತಿ ಆಫ್ ಮಾಡಿಬಿಡಿ ಅನ್ನೋ ಪಂಡಿತರೂ ಸಿಗ್ತಾರೆ. ದಯವಿಟ್ಟು ಬೇಡ. ಯಾರೋ ಒಂದು ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದ ದಿನ ಇಡೀ ಕಾಲೇಜಿನ ನೆಟ್‌ವರ್ಕ್ ಮಲಗುತ್ತೆ.)

ಎರಡನೆಯದು ಇನ್ನೂ ಮಜವಾಗಿತ್ತು. ಸ್ವಿಚ್ಚಿನಲ್ಲಿ 100 ಮೆಗಾಬಿಟ್‌ನ 24 ಪೋರ್ಟು, ತುದಿಯಲ್ಲಿ ಬೇರೆಯಾಗಿ ಎರಡು ಗಿಗಾಬಿಟ್ ಪೋರ್ಟು. ಸರ್ವರ್ ಕೇಬಲ್ ಸಿಕ್ಕಿಸಿದ್ದು ಸಾಮಾನ್ಯ ಪೋರ್ಟಿಗೆ. ಲೆಕ್ಕ ಹಾಕಿ: ಒಂದು ಯಂತ್ರ ಎದ್ದೇಳೋಕೆ ಅಲ್ಲಿ ಸುಮಾರು 150 ಎಂಬಿ ಓದುತ್ತಿತ್ತು. 22 ಯಂತ್ರಕ್ಕೆ 3300 ಎಂಬಿ. 100 ಮೆಗಾಬಿಟ್ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ ಹೋಗುತ್ತೆ. ನಾಲ್ಕೂವರೆ ನಿಮಿಷ ಅಲ್ಲೇ ಆಯ್ತಲ್ಲ! ಗಿಗಾಬಿಟ್‌ನಲ್ಲಿ ಅದೇ ಕೆಲಸ ಅರ್ಧ ನಿಮಿಷದ್ದು. ಜಾತ್ರೆ ದಿನ ದೇವಸ್ಥಾನಕ್ಕೆ ಒಂದೇ ಕಿಟಕಿ ಬಾಗಿಲು ತೆಗೆದು, ಪಕ್ಕದ ಮಹಾದ್ವಾರಕ್ಕೆ ಬೀಗ ಹಾಕಿದ ಹಾಗೆ. ಕೇಬಲ್ ತೆಗೆದು ಪಕ್ಕಕ್ಕೆ ಚುಚ್ಚಿದೆ.

ಈಗ ಎಲ್ಲ ಒಟ್ಟಿಗೆ ಎದ್ದರೂ ಎರಡು ನಿಮಿಷ ದಾಟಲ್ಲ. ಖರ್ಚು ಸೊನ್ನೆ. ಕಾಫಿ ಕುಡಿಸಿದರು, ಅದನ್ನ ಲೆಕ್ಕಕ್ಕೆ ಸೇರಿಸಲ್ಲ.

ನನ್ನ ತಕರಾರು ಇಷ್ಟೇ. ನಿಧಾನ ಅಂದ ತಕ್ಷಣ ನಮ್ಮವರಿಗೆ ಖರೀದಿ ನೆನಪಾಗುತ್ತೆ, ಅಳೆಯೋದು ನೆನಪಾಗಲ್ಲ. ಲಾಗಿನ್ ಆದಮೇಲೆ ಯಂತ್ರ ತೆವಳಿದರೆ ಮೆಮೊರಿಯನ್ನು ಅನುಮಾನಿಸಿ, ಒಪ್ಪೋಣ. ಲಾಗಿನ್ ಪರದೆಯೇ ಬಾರದಿದ್ದರೆ ಸರ್ವರ್ ಹೊಟ್ಟೆ ಬಗೆದು ಏನು ಸಿಗುತ್ತೆ? ಎಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತೆ ಅಂತ ಆ ಅಟೆಂಡರ್‌ಗೆ ಕಣ್ಣುಮುಚ್ಚಿ ಹೇಳೋಕೆ ಬರುತ್ತಿತ್ತು. ದಿನಾ ನೋಡೋರು ಅವರೇ ತಾನೆ? ಅವರನ್ನ ಒಂದು ಮಾತು ಕೇಳಿದವರೇ ಇಲ್ಲ.

ಮೊನ್ನೆ ಗೆಳೆಯ ಫೋನ್ ಮಾಡಿದ್ದ. ಹೊಸ ಪಿಸಿ ತಗೊಳ್ಳೋ ಯೋಚನೆ ಇನ್ನೂ ಬಿಟ್ಟಿಲ್ಲವಂತೆ, ಮಾರ್ಚ್ ಒಳಗೆ ದುಡ್ಡು ಖರ್ಚಾಗಬೇಕಂತೆ. ಹಾಗಾದ್ರೆ ಮೊದಲು ಯುಪಿಎಸ್‌ಗೆ ಬ್ಯಾಟರಿ ಹಾಕಿಸ್ರೋ ಅಂದೆ. ಪ್ರಿನ್ಸಿಪಾಲರನ್ನ ಕೇಳಿ ಹೇಳ್ತೀನಿ ಅಂದಿದ್ದಾನೆ.