ಕೀಲೆಣ್ಣೆಯೂ ಸೀಸೆಯ ಪವಾಡವೂ

ಎತ್ತಿನ ಗಾಡಿಯ ಅಚ್ಚಿಗೆ ನಮ್ಮ ಹಿರಿಯರು ಹರಳೆಣ್ಣೆ ಹಚ್ಚುತ್ತಿದ್ದರು. ಗಾಡಿಯ ಕೀಲಿಗೆ ಹಚ್ಚುವ ಎಣ್ಣೆಗೆ ಕೀಲೆಣ್ಣೆ ಎಂಬ ಹೆಸರೇ ಇದೆ. ಹರಳೆಣ್ಣೆ ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುವುದರಿಂದ ಭಾರ ಬಿದ್ದರೂ ಬೇಗ ಜಾರಿಹೋಗುವುದಿಲ್ಲ.

ಇಂದಿನ ಬೇರಿಂಗಿನ ಉಕ್ಕು ಕನ್ನಡಿಯಂತೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅದರ ಮೇಲೆ ಗುಡ್ಡ, ಕಣಿವೆಗಳಿವೆ. ಯಂತ್ರ ವೇಗವಾಗಿ ತಿರುಗುವಾಗ ಎಣ್ಣೆಯ ಪದರವೇ ಭಾರ ಹೊರುತ್ತದೆ. ಹೊರಡುವಾಗ, ನಿಲ್ಲುವಾಗ ಆ ಪದರ ತೆಳುವಾಗಿ ಗುಡ್ಡಕ್ಕೆ ಗುಡ್ಡ ತಾಗುತ್ತದೆ. ಆಗ ನೆರವಿಗೆ ಬರುವುದು ಎಣ್ಣೆಗೆ ಬೆರೆಸಿದ ಪೂರಕಗಳು. 1940ರ ದಶಕದಿಂದ ಬಳಕೆಯಲ್ಲಿರುವ, ಸತು, ರಂಜಕ, ಗಂಧಕಗಳುಳ್ಳ ಸಂಯುಕ್ತವೊಂದು ಉಜ್ಜುವಿಕೆಯ ಬಿಸಿಗೆ ಒಡೆದು ಉಕ್ಕಿನ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ಉಕ್ಕಿನ ಬದಲು ಪೊರೆ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ.

ಹಾಗೆಂದು ಅಂಗಡಿಯ ‘ಪವಾಡ’ದ ಸೀಸೆಗಳನ್ನು ತಂದು ಸುರಿಯುವುದು ನನಗೆ ಸರಿಕಾಣದು. ಒಳ್ಳೆಯ ಎಣ್ಣೆಯಲ್ಲಿ ಬೇಕಾದಷ್ಟು ಪೂರಕವನ್ನು ಮೊದಲೇ ಅಳೆದು ಬೆರೆಸಿರುತ್ತಾರೆ. ರಂಜಕ ಹೆಚ್ಚಾದರೆ ಕಾರಿನ ಹೊಗೆಯನ್ನು ಶುದ್ಧಗೊಳಿಸುವ ಸಾಧನ ಕೆಡುತ್ತದೆ. ಗಂಧಕದ ಕೆಲವು ಪೂರಕಗಳು ಕಂಚಿನ ಬೇರಿಂಗನ್ನೇ ತಿನ್ನುತ್ತವೆ. ಡೀಸೆಲ್ ಪಂಪಿನ ಎಣ್ಣೆಯಲ್ಲಿ ಹೊಲದ ಧೂಳು ಸೇರಿದ್ದರಂತೂ ಯಾವ ಪೂರಕವೂ ಅದಕ್ಕೆ ಮದ್ದಲ್ಲ; ಆ ಸೀಸೆಯ ಹಣವನ್ನು ಹೊಸ ಎಣ್ಣೆಗೇ ಹಾಕಬಹುದು.