ಕರೆಗಳ ಕ್ರಯವಿಕ್ರಯ

ಗ್ರಾಹಕನ ದೂರವಾಣಿ ಕರೆ ಬಂದಾಗ ಮಾತ್ರ ಜಾಹೀರಾತಿಗೆ ಹಣ ತೆರುವ ಪದ್ಧತಿ ಸ್ವತಃ ದೋಷಯುಕ್ತವಲ್ಲ. ಸಣ್ಣ ವರ್ತಕನಿಗೆ ಅದು ಮಿತವ್ಯಯದ ಮಾರ್ಗವೇ ಸರಿ. ದೋಷವಿರುವುದು ಕರೆ ಮಾಡಿದವನಿಂದ ಸತ್ಯವನ್ನು ಮರೆಮಾಚುವುದರಲ್ಲಿ.

ಅಮೆರಿಕೆಯ ಬೀಗ ತೆರೆಯುವ ವೃತ್ತಿಯನ್ನೇ ನೋಡಿರಿ. ನಡುರಾತ್ರಿ ಮನೆಯ ಹೊರಗುಳಿದವನು ಸ್ಥಳೀಯ ಅಂಗಡಿಯೆಂದು ನಂಬಿ ಕರೆ ಮಾಡುತ್ತಾನೆ. ಎಷ್ಟೋ ವೇಳೆ ಆ ವಿಳಾಸದಲ್ಲಿ ಅಂಗಡಿಯೇ ಇರುವುದಿಲ್ಲ. ಕರೆ ದೂರದ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಹಣ ತೆತ್ತ ಅಪರಿಚಿತನ ಪಾಲಾಗುತ್ತದೆ. ಮೊದಲು ಹೇಳಿದ ಅಲ್ಪ ದರ ಬಾಗಿಲ ಬಳಿ ಹಲವು ಪಟ್ಟು ಬೆಳೆಯುತ್ತದೆ.

ಗ್ರಾಹಕನು ಬರೆದುಕೊಟ್ಟ ದೂರವಾಣಿ ಸಂಖ್ಯೆಯೂ ಹೀಗೆಯೇ ಹಲವರಿಗೆ ಮಾರಾಟವಾಗುತ್ತದೆ. ಒಂದೇ ಒಪ್ಪಿಗೆಯ ಬಲದಿಂದ ಅನೇಕ ಮಾರಾಟಗಾರರು ಯಾಂತ್ರಿಕ ಕರೆ ಮಾಡಬಾರದೆಂದು ಅಲ್ಲಿನ ಸಂಪರ್ಕ ಆಯೋಗವು 2023ರಲ್ಲಿ ನಿಯಮ ರಚಿಸಿತು. 2025ರ ಜನವರಿಯಲ್ಲಿ ನ್ಯಾಯಾಲಯವು, ಆಯೋಗ ಅಧಿಕಾರ ಮೀರಿದೆಯೆಂದು ಅದನ್ನು ರದ್ದುಗೊಳಿಸಿತು. ಕಾನೂನು ತಡೆಯದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು.

“ನಾನು ಕರೆಯನ್ನು ಕೊಂಡೆನಷ್ಟೆ, ಮೋಸ ಮಧ್ಯವರ್ತಿಯದು” ಎಂಬ ಸಮಾಧಾನ ಸಲ್ಲದು. ಕದ್ದ ಮಾಲನ್ನು ತಿಳಿದೂ ಕೊಂಡವನು ಕಳ್ಳನ ಪಾಲುದಾರನೇ. ಕರೆ ಕೊಳ್ಳುವ ವರ್ತಕನು ಅದು ಬಂದ ದಾರಿಯನ್ನು ಮೊದಲು ವಿಚಾರಿಸಲಿ. ಮಾತಿನ ಆರಂಭದಲ್ಲಿಯೇ ತನ್ನ ನಿಜವಾದ ಹೆಸರನ್ನೂ ಪೂರ್ಣ ದರವನ್ನೂ ಹೇಳಲಿ. ಅಷ್ಟನ್ನೂ ಹೇಳಲಾಗದ ವ್ಯಾಪಾರವು ವ್ಯಾಪಾರವಲ್ಲ, ಸುಲಿಗೆ.